ಹಾಲಿನ ಲೋಟ ಹಿಡಿದಾಗ ಚೆರ್ನೋಬಿಲ್ ನೆನಪು

ನಮ್ಮ ಮನೆಯಲ್ಲಿ ಎರಡು ಹಸು. ಮಗಳಿಗೆ ಹಾಲು ಕಾಯಿಸಿ ಕೊಡುವಾಗ ಈಚೆಗೆ ಚೆರ್ನೋಬಿಲ್ ನೆನಪಾಗುತ್ತದೆ. ನನಗೆ ಥೈರಾಯ್ಡ್ ತೊಂದರೆ, ದಿನಾ ಮಾತ್ರೆ. ಆ ಗ್ರಂಥಿಯ ಬಗ್ಗೆ ಓದುತ್ತಾ ಓದುತ್ತಾ ಅಲ್ಲಿಗೆ ಹೋಗಿ ಮುಟ್ಟಿದೆ.

ಚೆರ್ನೋಬಿಲ್ ಅಂದರೆ ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನ್‌ನ ಅಣು ವಿದ್ಯುತ್ ಸ್ಥಾವರ. 1986ರ ಏಪ್ರಿಲ್ 26ರಂದು ಅಲ್ಲಿನ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿತು. ಗಾಳಿಗೆ ಸೇರಿದ್ದರಲ್ಲಿ ಅಯೋಡಿನ್-131 ಎಂಬ ವಿಕಿರಣ ಸೂಸುವ ಅಯೋಡಿನ್ ಇತ್ತು. ಅದು ಹುಲ್ಲಿನ ಮೇಲೆ ಕೂತಿತು. ಹಸು ಮೇಯಿತು. ಹಾಲಿಗೆ ಬಂತು. ಮಕ್ಕಳು ಕುಡಿದರು. ಥೈರಾಯ್ಡ್‌ಗೆ ಯಾವ ಅಯೋಡಿನ್ ಒಳ್ಳೆಯದು, ಯಾವುದು ಕೆಟ್ಟದ್ದು ಗೊತ್ತಾಗುವುದಿಲ್ಲ, ಎರಡನ್ನೂ ಹೀರಿಕೊಳ್ಳುತ್ತದೆ. ಮಕ್ಕಳ ಗ್ರಂಥಿ ಪುಟ್ಟದು, ಪೆಟ್ಟು ಜಾಸ್ತಿ. ಬೆಲಾರುಸ್, ಉಕ್ರೇನ್, ರಷ್ಯಾಗಳಲ್ಲಿ ಆಗ ಮಕ್ಕಳಾಗಿದ್ದ ಸಾವಿರಾರು ಜನರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು.

ನನಗೆ ತುಂಬಾ ಸಂಕಟ ಕೊಡುವ ವಿಷಯ ಬೇರೆ ಇದೆ. ಈ ಅಯೋಡಿನ್ 8 ದಿನಕ್ಕೆ ಅರ್ಧ ಆಗುತ್ತದೆ. 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲು. ಕೆಲವು ವಾರ ಆ ಹಾಲು ಕೊಡದಿದ್ದರೆ ಎಷ್ಟೋ ಮಕ್ಕಳು ಈ ಕಾಯಿಲೆಯಿಂದ ಪಾರಾಗುತ್ತಿದ್ದರು, ಅಲ್ವಾ? ಹಳ್ಳಿಯವರಿಗೆ ಸಮಯಕ್ಕೆ ಸರಿಯಾಗಿ ಹೇಳಲೇ ಇಲ್ಲ.

ಗ್ರಂಥಿಯನ್ನು ಮೊದಲೇ ಒಳ್ಳೆಯ ಅಯೋಡಿನ್‌ನಿಂದ ತುಂಬಿಬಿಟ್ಟರೆ ಕೆಟ್ಟದ್ದಕ್ಕೆ ಜಾಗ ಸಿಗುವುದಿಲ್ಲ. ಪೋಲೆಂಡ್ ಅದನ್ನೇ ಮಾಡಿತು. ಕೆಲವೇ ದಿನಗಳಲ್ಲಿ 1 ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಕುಡಿಸಿತು. ಅದನ್ನು ಹಂಚಿದ ಕೈಗಳಿಗೆ ನಾನು ನಮಸ್ಕಾರ ಮಾಡುತ್ತೇನೆ.