ಬಿಸಿಲು ಬಂದ ದಿನ ಸಿಸ್ಸುವಿಗೆ ಹೊರಡಬೇಡಿ

ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಫೆಬ್ರವರಿ ಕೊನೆಯ ವಾರವೇ ನಮಗೆ ಸಿಗುವ ಬಿಡುವು. ಚಿಕ್ಕಮಗಳೂರಿನಿಂದ ನಾವು ಐವರು ಆಗಲೇ ಮನಾಲಿಗೆ ಹೋದೆವು. ನೀವೂ ಹೊರಡುವುದಾದರೆ ವಾಪಸು ಬರುವ ಟಿಕೆಟ್ಟನ್ನು ಎರಡು ದಿನ ಮುಂದಕ್ಕೇ ತೆಗೆಸಿ. ನಾವು ತೆಗೆಸಿರಲಿಲ್ಲ.

ತಲುಪಿದ ರಾತ್ರಿಯೇ ಹಿಮ ಸುರಿಯತೊಡಗಿತು. ಎರಡು ದಿನ ಕರೆಂಟ್ ಇಲ್ಲ, ಮೊಬೈಲೂ ಸತ್ತಿತು. ಪವರ್ ಬ್ಯಾಂಕ್ ಮತ್ತು ನಗದು ಮರೆಯಬೇಡಿ. ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಅಟಲ್ ಸುರಂಗ ದಾಟಿ ಆಚೆ ಲಾಹೌಲ್ ಕಣಿವೆಯಲ್ಲಿರುವ ಹಳ್ಳಿ ಸಿಸ್ಸುವನ್ನು ನೋಡಿಯೇ ಬರೋಣ ಎಂದು ಹಟ ಹಿಡಿದವನು ನಾನೇ. ಟ್ಯಾಕ್ಸಿಯವರು ಕೀಲಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ.

ಹೋಟೆಲಿನ ಹಿಂದೆ ದಾರಿಗಾಗಿ ಹಿಮ ಕಡಿದು ಸೊಂಟದೆತ್ತರದ ಗೋಡೆಯಾಗಿತ್ತು. ಅಲ್ಲಿಗೆ ಕರೆದೊಯ್ದರು. ಮೇಲಿನ ಹೊಸ ಹಿಮ ಗಾಳಿಗೆ ಒತ್ತಿಕೊಂಡು ಹಲಗೆಯಂತಾಗಿತ್ತು. ಅದರಡಿಯ ಹಳೆಯದು ಬೆರಳಿಟ್ಟರೆ ಸಕ್ಕರೆಯಂತೆ ಉದುರುತ್ತಿತ್ತು. ಸಲಿಕೆಯಿಂದ ಒಂದು ಏಟು ಕೊಟ್ಟರು. ಮೇಲಿನ ಪದರ ಇಡಿಯಾಗಿ ಜಾರಿ ನನ್ನ ಬೂಟಿನ ಮೇಲೆ ಬಿತ್ತು, ಕರಿಮೆಣಸಿನ ರಾಶಿಯ ಮೇಲಿಟ್ಟ ಹಲಗೆ ಜಾರಿದ ಹಾಗೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇದೇ ಹಲಗೆ ಒಂದು ಮೈದಾನದಷ್ಟು ಅಗಲ ಇರಬಹುದು.

ಮಳೆ ನಿಂತರೂ ಮರದ ಹನಿ ನಿಲ್ಲದು. ಭಾರೀ ಹಿಮ ಬಿದ್ದು ನಿಂತ ಮೇಲಿನ ಒಂದೆರಡು ದಿನ ಹಿಮಕುಸಿತದ ಭಯ ಹೆಚ್ಚು: ಹೊಸ ಭಾರ ಇನ್ನೂ ಕೆಳಗಿನದಕ್ಕೆ ಕಚ್ಚಿಕೊಂಡಿರುವುದಿಲ್ಲ, ಮೇಲಿನಿಂದ ಬಿಸಿಲು ಬೇರೆ. 9.02 ಕಿಲೋಮೀಟರ್ ಸುರಂಗದೊಳಗೆ ಹೆದರಿಕೆಯಿಲ್ಲ, ಅದರ ಬಾಯಿಗೆ ಹೋಗುವ ರಸ್ತೆಯದ್ದೇ ಚಿಂತೆ. ಚಳಿಗಾಲ ಮುಗಿಯಿತಲ್ಲ ಎನ್ನಬೇಡಿ. ಉತ್ತರಾಖಂಡದ ಮಾಣಾ ಬಳಿ ರಸ್ತೆ ಕೆಲಸಗಾರರ ಶಿಬಿರದ ಮೇಲೆ ಹಿಮ ಕುಸಿದು ಎಂಟು ಮಂದಿ ಸತ್ತದ್ದು 2025ರ ಫೆಬ್ರವರಿ 28ರಂದು.

ಮೊಬೈಲಿನಲ್ಲಿ ಸೂರ್ಯನ ಚಿತ್ರ ಕಂಡಿತೆಂದು ಹೊರಡಬೇಡಿ. ಹಿಮಕುಸಿತದ ಮುನ್ಸೂಚನೆಯೇ ಬೇರೆ. ಅದನ್ನು ಚಂಡೀಗಢದ ಡಿಜಿಆರ್‌ಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ ಹೊರಡಿಸುತ್ತದೆ. ದೇವದಾರು ಕಾಡಿನ ನಡುವೆ ಮೇಲಿಂದ ಕೆಳಗಿನವರೆಗೆ ಬೋಳು ಪಟ್ಟಿ ಕಂಡರೆ ಅದು ಹಿಮ ಇಳಿಯುವ ದಾರಿ. ಚಾರ್ಮಾಡಿಯಲ್ಲಿ ಗುಡ್ಡ ಜಾರಿದ ಗಾಯ ನೋಡಿದವರಿಗೆ ಗುರುತು ಸಿಗುತ್ತದೆ. ಅದರ ಬುಡದಲ್ಲಿ ಫೋಟೊಗೆ ನಿಲ್ಲಬೇಡಿ, ಗಾಡಿಯನ್ನೂ ನಿಲ್ಲಿಸಬೇಡಿ.

ಎರಡು ದಿನ ಬಿಟ್ಟು ರಸ್ತೆ ತೆರೆಯಿತು, ಸಿಸ್ಸು ನೋಡಿದೆವು. ಅಷ್ಟರಲ್ಲಿ ವಿಮಾನ ಹೋಗಿತ್ತು. ಐದು ಟಿಕೆಟ್ ಬದಲಾಯಿಸಲು ಎಷ್ಟು ತೆತ್ತೆವೆಂದು ನಾನು ಮನೆಯಲ್ಲಿ ಇನ್ನೂ ಹೇಳಿಲ್ಲ.