ಹಿತ್ತಲಿನ ಕುಕ್ಕಿಬಳ್ಳಿ

ಧಾರವಾಡ, 14 ಸೆಪ್ಟೆಂಬರ್ 2025, ರವಿವಾರ

ಬೆಳಗಿನ ಹೊತ್ತು ಮಳೆ ಬಿಡುವು ಕೊಟ್ಟಿದ್ದರಿಂದ, ಹಿತ್ತಲಿನ ಪಶ್ಚಿಮದ ಗೋಡೆಯನ್ನು ಮುಚ್ಚಿ ಮಲ್ಲಿಗೆಯ ಹಂದರಕ್ಕೂ ಏರಿದ್ದ ಕುಕ್ಕಿಬಳ್ಳಿಯನ್ನು ಬುಡಸಮೇತ ತೆಗೆಯುವ ಕೆಲಸವನ್ನು ಇಂದು ಕೈಗೆತ್ತಿಕೊಂಡೆವು. ಕಾಯಿಗಳು ಹಸಿರಾಗಿರುವಾಗಲೇ ಇದು ಮುಗಿಯಬೇಕೆಂಬುದು ನನ್ನ ಹಟವಾಗಿತ್ತು. ಅವು ಹಳದಿಗೆ ತಿರುಗಿದವೆಂದರೆ ಪಿಕಳಾರಗಳು ಬಂದು ತಿಂದು, ಬೀಜಗಳನ್ನು ಓಣಿಯ ಎಲ್ಲ ಹಿತ್ತಲುಗಳಿಗೂ ಒಯ್ಯುತ್ತವೆ. ಆಮೇಲೆ ನಮ್ಮ ಗೋಡೆಯೊಂದನ್ನು ಚೊಕ್ಕಟ ಮಾಡಿ ಪ್ರಯೋಜನವಿಲ್ಲ.

ಇದು ನಮ್ಮ ನೆಲದ ಗಿಡವಲ್ಲ. ಪ್ಯಾಶನ್ ಫ್ರೂಟ್ ಹಣ್ಣಿನ ಕುಲಕ್ಕೇ ಸೇರಿದ, ಅಮೆರಿಕ ಖಂಡದ ಉಷ್ಣ ಪ್ರದೇಶಗಳಿಂದ ಬಂದ ಈ ಬಳ್ಳಿಗೆ ಸಸ್ಯಶಾಸ್ತ್ರದಲ್ಲಿ ಪ್ಯಾಸಿಫ್ಲೋರಾ ಫೆಟಿಡಾ ಎಂಬ ಹೆಸರಿದೆ. ಮೂರು ಹಾಲೆಗಳ, ರೋಮಗಳಿಂದ ತುಂಬಿದ ಎಲೆಯನ್ನು ಹಿಸುಕಿದರೆ ಕೆಟ್ಟ ವಾಸನೆ ಬರುತ್ತದೆ. ಬೆಳಗ್ಗೆ ಅರಳುವ ಬಿಳಿ ಹೂವಿನಲ್ಲಿ ನೇರಳೆಯ ಛಾಯೆ ಇರುತ್ತದೆ, ಮತ್ತು ನಿಜ ಹೇಳಬೇಕೆಂದರೆ ಅದು ಬಹಳ ಸುಂದರವಾದ ಹೂವು. ಕಾಯಿಯನ್ನು ಸುತ್ತುವರಿದ ಹಸಿರು ಜಾಲರಿಯ ತುದಿಗಳಲ್ಲಿ ಅಂಟು ದ್ರವ ಒಸರುವುದರಿಂದ ಸಣ್ಣ ಕೀಟಗಳು ಅಲ್ಲಿಯೇ ಸಿಕ್ಕಿ ಸಾಯುತ್ತವೆ. ಮಾಗಿದ ಹಣ್ಣನ್ನು ಮಕ್ಕಳು ಚೀಪಿ ತಿನ್ನುತ್ತಾರೆ, ಅದರಿಂದ ತೊಂದರೆಯಿಲ್ಲ; ಆದರೆ ಎಲೆಯಲ್ಲಿಯೂ ಎಳೆಗಾಯಿಯಲ್ಲಿಯೂ ಸಯನೈಡ್ ಬಿಡುಗಡೆ ಮಾಡುವ ರಾಸಾಯನಿಕಗಳಿವೆ ಎಂಬುದನ್ನು ಮನೆಯ ಹಿರಿಯರು ಮಕ್ಕಳಿಗೆ ತಿಳಿಸಿ ಹೇಳಬೇಕು.

ಕೆಲಸಕ್ಕೆ ನರೇಂದ್ರ ಗ್ರಾಮದಿಂದ ಬರುವ ಅವ್ವನವರು ಜೊತೆಗಿದ್ದರು. ಗೋಡೆಯ ಮೇಲಿನ ಹಸಿರನ್ನು ಎಳೆಯಲು ನಾನು ಕೈಹಾಕುತ್ತಿದ್ದಂತೆಯೇ ಅವರು, "ಅಕ್ಕಾರ, ಬಳ್ಳಿ ಹರೀಬ್ಯಾಡ್ರಿ, ಮೊದಲ ಬುಡಾ ಹುಡುಕ್ರಿ" ಎಂದರು. ಆ ಮಾತಿನಲ್ಲಿ ಇಡೀ ಕೆಲಸದ ತಿರುಳಿದೆ. ಎಳೆದಾಗ ಬಳ್ಳಿ ನಡುವೆ ಹರಿಯುತ್ತದೆ, ಬುಡ ಎಲ್ಲಿದೆಯೆಂಬ ಗುರುತು ತಪ್ಪುತ್ತದೆ, ಮತ್ತು ಮಣ್ಣಿನಲ್ಲಿ ಉಳಿದ ಗಟ್ಟಿ ಬುಡ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆದ್ದರಿಂದ ಕುಡಗೋಲಿನಿಂದ ಮೊಣಕಾಲೆತ್ತರಕ್ಕೆ ಬಳ್ಳಿಗಳನ್ನು ಕತ್ತರಿಸಿ ಮೇಲಿನ ಭಾಗವನ್ನು ಹಾಗೆಯೇ ತೂಗಲು ಬಿಟ್ಟು, ಕೆಳಗೆ ಉಳಿದ ಪ್ರತಿಯೊಂದು ತುಂಡನ್ನು ಹಿಡಿದು ಅದು ನೆಲಕ್ಕಿಳಿಯುವ ಜಾಗದವರೆಗೆ ಹೋಗಿ, ಸುತ್ತಲಿನ ಮಣ್ಣನ್ನು ಹಾರೆಯಿಂದ ಸಡಿಲಿಸಿ ಬೇರನ್ನು ಇಡಿಯಾಗಿ ಎತ್ತಿದೆವು. ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣು. ಮಳೆಯ ಹದವಿದ್ದಾಗ ಬೇರು ಮುರಿಯದೆ ಬರುತ್ತದೆ. ನವಲಗುಂದದ ಕಡೆಯ ಕಪ್ಪು ಎರೆ ನೆಲದಲ್ಲಿ ಹಿತ್ತಲು ಮಾಡಿಕೊಂಡವರು ಇಂಥ ಮಳೆಗಾಲದಲ್ಲಿ ಕೆಸರಿಗಿಳಿಯದೆ, ಮಣ್ಣು ಸ್ವಲ್ಪ ಆರುವವರೆಗೆ ಕಾಯುವುದು ಒಳ್ಳೆಯದು, ಆದರೆ ಅಷ್ಟರೊಳಗೆ ಕಾಯಿಗಳನ್ನಾದರೂ ಕಿತ್ತಿಡಬೇಕು. ನೆಲದ ಮೇಲೆ ಹರಿದಾಡಿದ ಬಳ್ಳಿ ಗೆಣ್ಣುಗಳಲ್ಲಿಯೂ ಬೇರು ಬಿಟ್ಟಿರುತ್ತದೆಯಾದ್ದರಿಂದ, ಒಂದು ಬುಡ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುವಂತಿಲ್ಲ.

ಕಿತ್ತ ರಾಶಿಯನ್ನು ತಿಪ್ಪೆಗೆ ಹಾಕಲಿಲ್ಲ. ಕಾಯಿಗಳನ್ನು ಬೇರೆಯಾಗಿ ಬಿಡಿಸಿ ಚೀಲದಲ್ಲಿ ಕಟ್ಟಿ, ಬಳ್ಳಿಯನ್ನು ಅಂಗಳದ ಸಿಮೆಂಟು ಹಾಸಿನ ಮೇಲೆ ಹರವಿದ್ದೇವೆ. ಮಳೆ ಬಂದರೆ ಮುಚ್ಚಲು ತಾಡಪತ್ರಿ ಇದೆ. ಪೂರ್ತಿ ಒಣಗಿದ ಮೇಲಷ್ಟೇ ಅದು ಗೊಬ್ಬರವಾಗಬಹುದು. ಹಾದಿಯಲ್ಲಿ ಹೋಗುತ್ತಿದ್ದ ಗೌಳಿಗರೊಬ್ಬರು ಹಸಿರು ರಾಶಿಯನ್ನು ಕಂಡು ಎಮ್ಮೆಗಳಿಗೆ ಕೊಡುತ್ತೀರಾ ಎಂದು ಕೇಳಿದರು. ಅದರಲ್ಲಿರುವ ವಿಷದ ವಿಚಾರವನ್ನು ವಿವರಿಸಿ, ದನಕರುಗಳ ಬಾಯಿಗೆ ಸಿಗದಂತೆ ರಾಶಿಯನ್ನು ಗೇಟಿನಿಂದ ಒಳಗೆ ಸರಿಸಿದೆವು.

ಹಂದರದ ಒಂದು ಮೂಲೆಯನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿನ ಎಲೆಗಳ ಮೇಲೆ ಕಂದುಗೆಂಪು ಬಣ್ಣದ, ಮೈತುಂಬ ಮುಳ್ಳುಗಳಿರುವ ಹುಳುಗಳ ಗುಂಪು ಮೇಯುತ್ತಿದೆ. ಅವು ಕಿತ್ತಳೆ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳನ್ನು ಹೊತ್ತು ನಿಧಾನವಾಗಿ ಹಾರುವ ಟಾನಿ ಕೋಸ್ಟರ್ ಚಿಟ್ಟೆಯ ಮರಿಗಳು. ಪಕ್ಕದ ಮನೆಯ ನಿವೃತ್ತ ಪ್ರಾಧ್ಯಾಪಕರು ಈ ಚಿಟ್ಟೆಗಳಿಗಾಗಿಯೇ ಒಂದು ಬಳ್ಳಿಯನ್ನು ಕಾಯಂ ಉಳಿಸಿಕೊಳ್ಳಬೇಕೆಂದು ವಾದಿಸಿದರು. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಈ ಬಳ್ಳಿ ಕಡಲು ದಾಟಿ ಬರುವ ಮೊದಲೂ ಆ ಚಿಟ್ಟೆ ಇಲ್ಲಿತ್ತು. ಬಯಲಿನ ಹುಲ್ಲಿನ ನಡುವೆ ಬೆಳೆಯುವ ಪುರುಷರತ್ನದ ಪುಟ್ಟ ಗಿಡದ ಮೇಲೂ ಅದು ಮೊಟ್ಟೆಯಿಡುತ್ತದೆ. ಹಾಗೆಂದು, ಈಗಾಗಲೇ ಮೇಯುತ್ತಿರುವ ಹುಳುಗಳ ಅನ್ನವನ್ನು ಕಿತ್ತುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಆ ಮೂಲೆಯ ಹೂವು, ಕಾಯಿಗಳನ್ನೆಲ್ಲ ಚಿವುಟಿ ಹಾಕಿ, ಹುಳುಗಳು ಕೋಶ ಕಟ್ಟುವವರೆಗೆ ಎಲೆಗಳನ್ನು ಬಿಟ್ಟಿರುವುದು, ಆಮೇಲೆ ಆ ಬುಡವನ್ನೂ ತೆಗೆದು ಗೋಡೆಯ ಬದಿಯಲ್ಲಿ ಪುರುಷರತ್ನವನ್ನು ಬೆಳೆಸುವುದು ಎಂದು ಇಬ್ಬರೂ ಒಪ್ಪಿಕೊಂಡೆವು.

ಕಳೆನಾಶಕ ಸಿಂಪಡಿಸಿದರೆ ಒಂದೇ ದಿನದ ಕೆಲಸವಲ್ಲವೇ ಎಂದು ಕೇಳಿದವರೂ ಇದ್ದಾರೆ. ಮಲ್ಲಿಗೆ, ಕರಿಬೇವುಗಳಿಗೆ ಸುತ್ತಿಕೊಂಡ ಬಳ್ಳಿಗೆ ಹೊಡೆದ ಔಷಧ ಮಲ್ಲಿಗೆಯನ್ನೂ ಕರಿಬೇವನ್ನೂ ಬಿಡುವುದಿಲ್ಲ. ಅಲ್ಲದೆ ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿ ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಮನೆಯ ಹಿತ್ತಲಿಗೆ ಹಾರೆ, ಕುಡಗೋಲುಗಳೇ ಸಾಕು.

ಮಣ್ಣಿನಲ್ಲಿ ಈಗಾಗಲೇ ಬಿದ್ದಿರುವ ಬೀಜಗಳ ಚಿಂತೆ ಉಳಿದೇ ಇದೆ. ಬುಡ ತೆಗೆದ ಜಾಗವನ್ನು ಬರಿದಾಗಿ ಬಿಟ್ಟರೆ ಮೊಳಕೆಗಳಿಗೆ ನಾವೇ ಬಿಸಿಲು ಒದಗಿಸಿಕೊಟ್ಟಂತಾಗುತ್ತದೆಂದು, ಕಲಘಟಗಿ ಕಡೆಯಿಂದ ತರಿಸಿದ ಭತ್ತದ ಹುಲ್ಲನ್ನು ಗೋಡೆಯುದ್ದಕ್ಕೂ ದಪ್ಪನಾಗಿ ಹಾಸಿದೆವು. ಅದರ ನಡುವೆಯೂ ತಲೆ ಎತ್ತುವ ಸಸಿಗಳನ್ನು ಎಳೆಯದಾಗಿರುವಾಗಲೇ ಕುರುಪಿಯಿಂದ ತೆಗೆಯುತ್ತ ಹೋಗಬೇಕು, ಮುಂದಿನ ಮಳೆಗಾಲದಲ್ಲಿಯೂ ಈ ನಿಗಾ ತಪ್ಪಬಾರದು.

ಗೋಡೆಯಾಚೆಗಿನ ಖಾಲಿ ಸೈಟಿನಲ್ಲಿಯೂ ಇದೇ ಬಳ್ಳಿ ಹಬ್ಬಿದೆ. ಪುಣೆಯಲ್ಲಿರುವ ಅದರ ಮಾಲೀಕರಿಗೆ ಸಂಜೆ ಫೋನ್ ಮಾಡಿದೆ. ಒಳಗೆ ಹೋಗಿ ತೆಗೆಯಲು ಸಂತೋಷದಿಂದ ಒಪ್ಪಿಗೆ ಕೊಟ್ಟರು. ಅಲ್ಲಿ ನೆರಳಿಲ್ಲದ ಕಾರಣ ಕೆಲವು ಕಾಯಿಗಳು ಆಗಲೇ ಬಣ್ಣ ತಿರುಗಿರುವುದು ಇಲ್ಲಿಂದಲೇ ಕಾಣುತ್ತದೆ. ಬುಡ ಅಗೆಯುವ ಕೆಲಸವನ್ನು ಮುಂದಿನ ರವಿವಾರಕ್ಕೆ ಇಟ್ಟುಕೊಂಡು, ಹಣ್ಣುಗಳನ್ನಷ್ಟೇ ನಾಳೆ ಬೆಳಗ್ಗೆ ಹಕ್ಕಿಗಳಿಗಿಂತ ಮೊದಲು ಹೋಗಿ ಬಿಡಿಸಿ ಚೀಲಕ್ಕೆ ಹಾಕಿಕೊಂಡು ಬರುತ್ತೇವೆ.