ಆ ಸೀಟು ಮೊದಲು ನಂದೇ ಆಗಿತ್ತು

ಶನಿವಾರ ನಮ್ಮ ಪೋಲೋ ಜಿಟಿ ಕಾರನ್ನು ಸರ್ವೀಸಿಂದ ತರಲು ಹೋದಾಗ ಗ್ಯಾರೇಜಿನ ಬಾಗಿಲಲ್ಲೇ ಕೆಂಪು ಸ್ಯಾನ್ ಸ್ಟಾರ್ಮ್ ಒಂದು ನಿಂತಿತ್ತು. ಎಷ್ಟು ವರ್ಷ ಆಗಿತ್ತು ಅದನ್ನು ನೋಡಿ! ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಕಾರು. ಫೈಬರ್ ಬಾಡಿ, ಮೇಲೆ ಬಟ್ಟೆಯ ಟಾಪು, ಒಳಗೆ ರೆನೋದ 1.2 ಲೀಟರ್ ಎಂಜಿನ್, 60 ಕುದುರೆ ಶಕ್ತಿ ಅಷ್ಟೇ. ಆದರೂ ಹುಡುಗನಾಗಿದ್ದಾಗ ಅದು ಎದುರಿಗೆ ಬಂದರೆ ಸೈಕಲ್ ನಿಲ್ಲಿಸಿ ನೋಡುತ್ತಿದ್ದೆ.

ಕಾರಿನ ಯಜಮಾನರಿಗೆ ಅರವತ್ತೈದು ದಾಟಿರಬೇಕು. ಜೊತೆಗೆ ಹೆಂಡತಿ, ಏಳೆಂಟು ವರ್ಷದ ಮೊಮ್ಮಗ. ಬಿಲ್ ಕೊಟ್ಟರು, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು, "ನೀನು ಆಟೋದಲ್ಲಿ ಬಂದುಬಿಡೇ" ಅಂದರು. ಅಮ್ಮನವರು ಕೋಪ ಮಾಡಿಕೊಳ್ಳಲಿಲ್ಲ. ಆಟೋಗೆ ಕಾಯುತ್ತಾ ನನ್ನ ಕಡೆ ತಿರುಗಿ, "ಆ ಸೀಟು ಮೊದಲು ನಂದೇ ಆಗಿತ್ತು ಕಣಪ್ಪ" ಅಂದರು. ಅಷ್ಟರಲ್ಲಿ ಆಟೋ ಬಂತು, ಕೆಂಪು ಕಾರಿನ ಹಿಂದೆಯೇ ಹೋಯಿತು.

ಆ ಮಾತು ಇಡೀ ವಾರ ಕಿವಿಯಲ್ಲೇ ಇದೆ. ಯಜಮಾನರು ಕೆಟ್ಟವರು ಅಂತ ನನಗೆ ಅನ್ನಿಸಲಿಲ್ಲ. ಇಷ್ಟು ವರ್ಷ ಅಂಥ ಕಾರನ್ನು ಸಾಕಿಕೊಂಡು ಬಂದಿರೋದೇ ದೊಡ್ಡ ವಿಷಯ. ಆದರೆ ಅವರು ಹೋದ ಮೇಲೆ "ದುಡ್ಡಿರೋರ ಖಯಾಲಿ ಸಾರ್" ಅಂದ ಗ್ಯಾರೇಜ್ ಹುಡುಗನ ಮಾತು ನನಗೆ ಹಿಡಿಸಲಿಲ್ಲ. ದುಡ್ಡಿಗಿಂತ ಇಲ್ಲಿ ಸೀಟಿನ ಲೆಕ್ಕ ದೊಡ್ಡದು. ಎರಡು ಸೀಟಿನ ಕಾರು ತಗೊಂಡವರು ಮನೆಗೆ ಅಂತ ಇನ್ನೊಂದು ಕಾರನ್ನೂ ಇಡಬೇಕು, ಇಲ್ಲದಿದ್ದರೆ ಪ್ರತಿ ಸಲ ಯಾರನ್ನೋ ಬಿಟ್ಟು ಹೋಗಬೇಕು.

ಫೋರ್ಡ್ ಕಂಪನಿಗೆ ಇದು ಬೇಗನೇ ಗೊತ್ತಾಗಿತ್ತು. 1955ರಿಂದ 57ರವರೆಗೆ ಥಂಡರ್‌ಬರ್ಡ್ ಎರಡೇ ಸೀಟಿನ ಕಾರು. 1958ರಲ್ಲಿ ಹಿಂದೆ ಇನ್ನೆರಡು ಸೀಟು ಹಾಕಿದರು, ಮಾರಾಟ ಜಾಸ್ತಿಯಾಯಿತು. 1964ರಲ್ಲಿ ನಾಲ್ಕು ಸೀಟಿನ ಮಸ್ಟಾಂಗ್ ಬಂತು. ಫಾಲ್ಕನ್ ಅನ್ನೋ ಸಾದಾ ಕಾರಿನ ಭಾಗಗಳನ್ನೇ ಬಳಸಿ ಮಾಡಿದ್ದರಿಂದ ಬೆಲೆ ಕೈಗೆಟುಕಿತು, ಮೊದಲ ವರ್ಷದಲ್ಲೇ ಮಾರಾಟ 4 ಲಕ್ಷ ಕಾರು ದಾಟಿತು. ಜರ್ಮನಿಯ ಗಾಲ್ಫ್ ಜಿಟಿಐ, ಅಂದರೆ ಮನೆಮಂದಿಯ ಗಾಲ್ಫ್ ಕಾರಿಗೇ ಜೋರಾದ ಎಂಜಿನ್ ಹಾಕಿದ್ದು, ಅದರ ಕಥೆ ನನಗೆ ಇನ್ನೂ ಇಷ್ಟ. 1976ರಲ್ಲಿ ಬರೀ 5,000 ಮಾಡಿದರೆ ಸಾಕು ಅಂದುಕೊಂಡಿದ್ದರು, ಮೊದಲ ತಲೆಮಾರಿನದೇ ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ಹೋಯಿತು. ಬಾಡಿ, ಬಾಗಿಲು, ಡಿಕ್ಕಿ ಎಲ್ಲಾ ಮಾಮೂಲಿ ಗಾಲ್ಫಿನದೇ. ಆ ಖರ್ಚು ಲಕ್ಷಾಂತರ ಸಾದಾ ಕಾರುಗಳ ಮೇಲೆ ಹಂಚಿಹೋಗಿರುತ್ತೆ, ಅಲ್ವಾ? ಎರಡು ಸೀಟಿನ ಕಾರಿಗೆ ಹಾಗೆ ಹಂಚಿಕೊಳ್ಳೋರು ಕಡಿಮೆ. ನಮ್ಮಲ್ಲಂತೂ ಎರಡು ಸೀಟಿನ ಪೋರ್ಷೆ ಬಾಕ್ಸ್‌ಟರ್ ಹೊಸದು ಬೇಕು ಅಂದರೆ ಕೋಟಿ ದಾಟುತ್ತಿತ್ತು.

ನಮ್ಮ ಪೋಲೋ ಜಿಟಿಯೂ ಹಾಗೇ, ಮಾಮೂಲಿ ಪೋಲೋದ ಜೋರಾದ ಮಾದರಿ, 2013ರದು. 1.2 ಲೀಟರ್ ಟರ್ಬೋ, 105 ಕುದುರೆ ಶಕ್ತಿ, ಆಗ ಎಕ್ಸ್ ಷೋರೂಂ ಬೆಲೆ ಸುಮಾರು 8 ಲಕ್ಷ. ಹಿಂದಿನ ಸೀಟು ಇಕ್ಕಟ್ಟು, ಎತ್ತರದವರಿಗೆ ಮೊಣಕಾಲು ತಾಗುತ್ತೆ. ಇಂಥ ಕಾರು ಕೊಳ್ಳೋರಿಗೆ ವೇಗದ ಮೇಲೆ ಅಷ್ಟೇನೂ ಪ್ರೀತಿ ಇಲ್ಲ, ಸುಮ್ನೆ ಅಗ್ಗಕ್ಕೆ ಸಿಕ್ಕಿತು ಅಂತ ತಗೋತಾರೆ ಅನ್ನೋ ಮಾತನ್ನು ನಾನು ಒಪ್ಪಲ್ಲ. ನಮಗೂ ಅಷ್ಟೇ ಹುಚ್ಚಿದೆ. ಮನೆಯವರನ್ನು ಬಿಟ್ಟು ಹೋಗೋಕೆ ಮನಸ್ಸಾಗಲ್ಲ.

ಭಾನುವಾರ ಅಪ್ಪ ಮುಂದೆ, ಅಮ್ಮ ಮತ್ತು ಮಗಳು ಹಿಂದೆ, ಕನಕಪುರ ರಸ್ತೆಯಲ್ಲಿ ಹೊರಟೆವು. ಊರು ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು, ಗೇರನ್ನು ಸ್ಪೋರ್ಟ್‌ಗೆ ಹಾಕಿ ಒತ್ತಿದೆ. ಅಮ್ಮ ಮೇಲಿನ ಹಿಡಿ ಹಿಡಿದುಕೊಂಡು "ಮೆಲ್ಲಗೆ ಕಣೋ" ಅಂದಳು. ಕನ್ನಡಿಯಲ್ಲಿ ನೋಡಿದೆ, ನಗುತ್ತಿದ್ದಳು.